ಮಂಗಲಕಾರ್ಯದಲ್ಲಿ ಮರೆತುಹೋಗುವ ಆರೋಗ್ಯ

ಯುಗಾದಿ ಕಳೆಯುತ್ತಿದ್ದಂತೆ ನಮ್ಮ ಚಿಕಿತ್ಸಾಲಯದ ಮೇಜಿನ ಮೇಲೆ ಲಗ್ನಪತ್ರಿಕೆಗಳು ಬಂದು ಸೇರತೊಡಗುತ್ತವೆ. ಪತ್ರಿಕೆ ಕೊಡಲು ಬಂದವರನ್ನು ಕೂರಿಸಿ, ನೀರು ಕೊಟ್ಟು, ಸಿದ್ಧತೆ ಎಲ್ಲಿಯವರೆಗೆ ಬಂತೆಂದು ಕೇಳುವುದು ನಮ್ಮ ವಾಡಿಕೆ. ಮಂಟಪ ಗೊತ್ತಾಗಿದೆ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿದೆ, ಬಟ್ಟೆ, ಬಂಗಾರ, ವಾದ್ಯ, ವಿಡಿಯೊ ಎಲ್ಲವೂ ಆಗಿದೆ ಎಂದು ಅವರು ಬೆರಳು ಮಡಚುತ್ತ ಹೇಳುತ್ತಾರೆ. "ಎಲ್ಲಾ ಆತ್ರಿ ಡಾಕ್ಟರ್ ಸಾಹೇಬ್ರ, ಇನ್ನ ಅಕ್ಕಿಕಾಳು ಬೀಳೋದೊಂದ ಬಾಕಿ" ಎಂಬುದು ಕೊನೆಯ ಮಾತು. ಆಗ ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ: "ಅಂದು ಮನೆಯ ಹಿರಿಯರ ಮಾತ್ರೆಗಳ ಚೀಲ ಯಾರ ಕೈಯಲ್ಲಿರುತ್ತದೆ?"

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಪರೂಪ. ಒಂದು ಕಾಲಕ್ಕೆ ನಮ್ಮಲ್ಲಿಯೂ ಉತ್ತರವಿರಲಿಲ್ಲ. ಅದರಿಂದ ಏನಾಯಿತೆಂಬುದನ್ನು ಮೊದಲು ಹೇಳಿ, ಅನಂತರ ಸದ್ಭಕ್ತರಿಗೆ ಉಪಯುಕ್ತವಾಗಬಹುದಾದ ನಾಲ್ಕು ಮಾತುಗಳನ್ನು ನಿವೇದಿಸುತ್ತೇವೆ.

ನಮ್ಮ ಮನೆಯ ಮದುವೆ

ನಮ್ಮ ಹಿರಿಯ ಮಗಳ ಮದುವೆ ವೈಶಾಖ ಮಾಸದಲ್ಲಿ ನಡೆಯಿತು. ಮುಹೂರ್ತ 11 ಗಂಟೆ 40 ನಿಮಿಷಕ್ಕೆಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬೀಗರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ಎಲ್ಲವೂ ಒಂದೂವರೆ ಗಂಟೆ ತಡವಾಯಿತು. ನಮ್ಮ ಅಣ್ಣನವರಿಗೆ ಆಗ 70 ದಾಟಿತ್ತು. ಬಹುಕಾಲದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ 8 ಗಂಟೆಗೆ ಎಂದಿನಂತೆ ಮಾತ್ರೆ ನುಂಗಿ, ಒಂದು ಕಪ್ಪು ಸಕ್ಕರೆಯಿಲ್ಲದ ಚಹಾ ಕುಡಿದು, ಅಕ್ಕಿಕಾಳು ಬಿದ್ದ ಮೇಲೆಯೇ ಪ್ರಸಾದ ಎಂದು ಹೇಳಿ ಬಾಗಿಲಲ್ಲಿ ನಿಂತುಬಿಟ್ಟರು. ಬಂದವರಿಗೆಲ್ಲ ಕೈಮುಗಿದು ಒಳಗೆ ಕರೆಯುವ ಹೊಣೆ ಅವರದು.

ಒಂದು ಗಂಟೆಯ ಹೊತ್ತಿಗೆ ಯಾರೋ ಬಂದು, ಅಣ್ಣನವರು ಬೀಗರ ಮೇಲೆ ಸಿಟ್ಟಾಗಿದ್ದಾರೆ, ಏನೇನೋ ಮಾತನಾಡುತ್ತಿದ್ದಾರೆ ಎಂದು ಕಿವಿಯಲ್ಲಿ ಹೇಳಿದರು. ಮದುವೆಮನೆಯಲ್ಲಿ ಹಿರಿಯರು ಮುನಿಸಿಕೊಳ್ಳುವುದು ಹೊಸತಲ್ಲ. ನಾವು ಹೋಗಿ, ಕೈಹಿಡಿದು, ಇಂದೊಂದು ದಿನ ಸುಮ್ಮನಿರೆಂದು ಬೇಡಿಕೊಂಡೆವು. ಹಿಡಿದ ಕೈ ಬೆವರಿನಿಂದ ತೊಯ್ದಿತ್ತು, ತಣ್ಣಗಿತ್ತು, ನಡುಗುತ್ತಿತ್ತು. ಅಷ್ಟೊಂದು ವರ್ಷ ನಾಡಿ ಹಿಡಿದ ನಮಗೆ ಆ ಕ್ಷಣದಲ್ಲಿ ಅದು ಕಾಣಲಿಲ್ಲ. ನಾವು ಆಗ ವೈದ್ಯರಾಗಿರಲಿಲ್ಲ, ವಧುವಿನ ತಂದೆಯಾಗಿದ್ದೆವು. ನಾವು ಮಂಟಪದತ್ತ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಣ್ಣನವರು ಕುರ್ಚಿಯಿಂದ ಜಾರಿ ನೆಲಕ್ಕೆ ಕುಸಿದರು.

ಬಿಸಿಲು ಬಡಿದಿದೆ ಎಂದು ಕೆಲವರು ತಲೆಗೆ ನೀರು ತಟ್ಟಿದರು. ಕೆಲವರು ಈರುಳ್ಳಿ ತರಲು ಓಡಿದರು. ಬೀಗರ ಕಡೆಯಿಂದ ಬಂದಿದ್ದ, ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಮುಂದೆ ಬಂದು, "ಅಜ್ಜಾರು ಊಟ ಮಾಡಿದ್ದು ಯಾವಾಗ?" ಎಂದು ಕೇಳಿದಳು. ಅಲ್ಲಿ ನೆರೆದಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗಿನ್ನೂ ಎಚ್ಚರವಿದೆ, ನುಂಗಬಲ್ಲರು ಎಂಬುದನ್ನು ನೋಡಿಕೊಂಡು ಅವಳು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹದಿನೈದು ನಿಮಿಷದಲ್ಲಿ ಅಣ್ಣನವರು ಕಣ್ಣರಳಿಸಿ ನಮ್ಮನ್ನು ಹೆಸರು ಹಿಡಿದು ಕರೆದರು. ರಕ್ತದ ಸಕ್ಕರೆ ಕುಸಿದಿತ್ತು, ಅಷ್ಟೇ. ಆದರೆ ಅವರು ನುಂಗುತ್ತಿದ್ದ ಬಗೆಯ ಮಾತ್ರೆಯ ಪ್ರಭಾವ ಬಹುಹೊತ್ತು ಉಳಿಯುತ್ತದೆ. ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು. ಆದಕಾರಣ ಅವರನ್ನು ಆಸ್ಪತ್ರೆಗೆ ಸೇರಿಸಿ ರಾತ್ರಿಯಿಡೀ ನಿಗಾದಲ್ಲಿಡಬೇಕಾಯಿತು. ತಾವು ಎತ್ತಿ ಆಡಿಸಿದ ಮಗಳು ಗಂಡನ ಮನೆಗೆ ಹೊರಟಾಗ ಅವಳ ತಲೆಯ ಮೇಲೆ ಕೈಯಿಡಲು ಅವರು ಅಲ್ಲಿರಲಿಲ್ಲ.

ಮರುದಿನ ನಗುತ್ತಲೇ ಹೇಳಿದರು: "ತಮ್ಮಾ, ಎರಡ ಸಾವಿರ ಮಂದಿಗೆ ಅಡಗಿ ಮಾಡಿಸಿದಿ, ನನಗ ಒಂದ ಹಿಡಿ ಚುರಮುರಿ ಸಿಗಲಿಲ್ಲ ನೋಡು." ಅವರು ನಕ್ಕರು, ನಮಗೆ ನಗಲಾಗಲಿಲ್ಲ. ಈ ಲೇಖನದ ಮೂಲ ಆ ಮಾತೇ ಆಗಿದೆ.

ತಡೆಯಬಾರದ ಹದಿಮೂರರಲ್ಲಿ ನಾಲ್ಕು

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ದೇಹದಲ್ಲಿ ತಾವಾಗಿಯೇ ಹುಟ್ಟುವ ಹದಿಮೂರು ವೇಗಗಳನ್ನು ಬಲವಂತವಾಗಿ ತಡೆಯಬಾರದೆಂದು ಹೇಳಿದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮೊದಲಾದವು ಆ ಪಟ್ಟಿಯಲ್ಲಿವೆ. ನಮ್ಮ ಮದುವೆಮನೆಗಳನ್ನು ಗಮನಿಸಿದರೆ ಇವುಗಳಲ್ಲಿ ನಾಲ್ಕನ್ನು ಎರಡು ಮೂರು ದಿನ ಸತತವಾಗಿ ತಡೆಯುವುದು ಕಾಣುತ್ತದೆ: ಹಸಿವು, ಬಾಯಾರಿಕೆ, ಮೂತ್ರ, ನಿದ್ರೆ. ಹೆಣ್ಣು ಕಳಿಸುವ ಹೊತ್ತಿನ ಕಣ್ಣೀರೊಂದನ್ನು ಮಾತ್ರ ಯಾರೂ ತಡೆಯುವುದಿಲ್ಲ. ಸಿದ್ಧತೆಯಲ್ಲಿ ಮರೆತುಹೋಗುವ ಸಂಗತಿಗಳು ಬಹುಪಾಲು ಈ ನಾಲ್ಕರ ಸುತ್ತಲೇ ಇರುತ್ತವೆ.

ಹಸಿವು

ಅಕ್ಷತೆಯವರೆಗೆ ಉಪವಾಸವಿರುವುದು ಹಿರಿಯರ ಶ್ರದ್ಧೆ. ಆರೋಗ್ಯವಂತರು ಇರಲಿ, ಅಡ್ಡಿಯಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು ಮತ್ತು ಚಿಕ್ಕಮಕ್ಕಳಿಗೆ ಈ ನಿಯಮ ಸಲ್ಲದು. ಮಾತ್ರೆ ನುಂಗಿ ಉಣ್ಣದಿರುವುದು ಅಪಾಯಕರ. ಊಟ ತಡವಾಗುತ್ತದೆಂದು ತಾವೇ ಮಾತ್ರೆ ಬಿಡುವುದೂ ತಪ್ಪು. ಮದುವೆಗೆ ಒಂದು ವಾರ ಮೊದಲೇ ತಮ್ಮ ವೈದ್ಯರನ್ನು ಕಂಡು, ಅಂದಿನ ವೇಳಾಪಟ್ಟಿಯನ್ನು ತಿಳಿಸಿ, ಯಾವ ಮಾತ್ರೆ ಯಾವ ಹೊತ್ತಿಗೆಂದು ಬರೆಸಿಕೊಳ್ಳಬೇಕು.

ಬೆವರುವುದು, ನಡುಕ, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು, ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು – ಇವು ಸಕ್ಕರೆ ಇಳಿದುದರ ಲಕ್ಷಣಗಳು. ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕೂಡಲೇ ಉಪಚಾರ ಬೇಕು. ಗ್ಲೂಕೋಮೀಟರ್ ಇಲ್ಲವೆಂದು ಕಾಯುವುದು ಬೇಡ. ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಉಸಿರಾಟದ ದಾರಿಗೆ ಸೇರಿ ಪ್ರಾಣಕ್ಕೆ ಎರವಾದೀತು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಇಂತಹ ಸಮಯದಲ್ಲಿ ನಮ್ಮ ಚೂರ್ಣ, ಕಷಾಯಗಳನ್ನು ಹುಡುಕುತ್ತ ಹೊತ್ತು ಕಳೆಯುವುದು ಸಲ್ಲದೆಂದು ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ.

ಇನ್ನು ವಧುವರರು. ಅರಿಶಿನ, ಸುರಿಗೆ, ಅಲಂಕಾರ, ಪೂಜೆ, ಫೋಟೋ – ಹೀಗೆ ನಸುಕಿನಿಂದ ಮಧ್ಯಾಹ್ನದವರೆಗೆ ಅವರಿಗೆ ತಿನ್ನಲು ಸಿಗುವುದು ಕಡಿಮೆ. ಊಟದ ಪಂಕ್ತಿಯಲ್ಲಿಯೂ ಬಾಯಿಗಿಟ್ಟ ತುತ್ತಿಗಿಂತ ಕ್ಯಾಮೆರಾಗೆ ತೋರಿಸಿದ ತುತ್ತೇ ಹೆಚ್ಚು. ಅಲಂಕಾರಕ್ಕೆ ಕೂರುವ ಮೊದಲೇ ಎರಡು ಇಡ್ಲಿಯನ್ನೋ ಒಂದು ಬಟ್ಟಲು ಉಪ್ಪಿಟ್ಟನ್ನೋ ಉಣ್ಣಿಸುವ ಹೊಣೆಯನ್ನು ಅತ್ತೆಯೋ ಚಿಕ್ಕಮ್ಮನೋ ಹೊರಬೇಕು. ತಮ್ಮ ಮದುವೆಯ ಸಿದ್ಧತೆಯನ್ನು ತಾವೇ ಮಾಡಿಕೊಳ್ಳುವ ಮಕ್ಕಳು ಈಗ ಬಹಳ. ಅವರು ತಯಾರಿಸುವ ವೇಳಾಪಟ್ಟಿಯಲ್ಲಿ ಎಲ್ಲಕ್ಕೂ ನಿಮಿಷ ಗೊತ್ತುಮಾಡಿರುತ್ತಾರೆ. ತಮ್ಮ ಉಪಾಹಾರಕ್ಕೆ ಮಾತ್ರ ಜಾಗವಿರುವುದಿಲ್ಲ.

ಬಾಯಾರಿಕೆ

ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತಗಡಿನ ಮಾಡು, ಬಟ್ಟೆ ಕಟ್ಟಿ ಗಾಳಿ ತಡೆದ ಹಂದರ, ವಿಡಿಯೊ ದೀಪಗಳ ಝಳ, ಒತ್ತೊತ್ತಾಗಿ ಕುಳಿತ ಜನ – ಒಳಗಿನ ಧಗೆ ಹೊರಗಿಗಿಂತ ಕಡಿಮೆಯಿರದು. ಗ್ರೀಷ್ಮದಲ್ಲಿ ದೇಹಬಲ ಕುಗ್ಗಿರುತ್ತದೆ. ಲಘುವಾದ, ತಂಪಾದ, ದ್ರವಪ್ರಾಯವಾದ ಆಹಾರ ಸೇವಿಸಬೇಕೆಂದು ಋತುಚರ್ಯೆ ಹೇಳುತ್ತದೆ. ನಾವಾದರೋ ಕರಿದ, ಜಿಡ್ಡಿನ, ಸಿಹಿಯ ಭಾರೀ ಊಟವನ್ನು ವರ್ಷದಲ್ಲಿ ಅತಿ ಹೆಚ್ಚು ಉಣ್ಣುವುದು ಇದೇ ಋತುವಿನಲ್ಲಿ.

ನೀರಿನ ವ್ಯವಸ್ಥೆಯೆಂದರೆ ಊಟದ ಎಲೆಯ ಪಕ್ಕ ಇಡುವ ಬಾಟಲಿ ಎಂದಷ್ಟೇ ತಿಳಿಯಬಾರದು. ನೀರು ಬೇಕಾಗುವುದು ಕಾದು ಕೂರುವ ಸ್ಥಳದಲ್ಲಿ. ಸಭೆಯ ಎರಡೂ ಬದಿಯಲ್ಲಿ, ವಾದ್ಯದವರ ಹತ್ತಿರ, ಅಡುಗೆಯವರ ಹತ್ತಿರ, ವಾಹನ ನಿಲ್ಲಿಸುವ ಕಡೆ ನೀರು ಇರಬೇಕು. ತೆಳುವಾದ ಮಜ್ಜಿಗೆಗೆ ಹುರಿದ ಜೀರಿಗೆ, ಶುಂಠಿ, ಕರಿಬೇವು, ಚೂರು ಉಪ್ಪು ಸೇರಿಸಿ ಕೊಡುವುದು ನಮ್ಮ ನಾಡಿನ ಹಳೆಯ, ಒಳ್ಳೆಯ ಪದ್ಧತಿ; ನಿಂಬೆ ಬೆಲ್ಲದ ಪಾನಕವೂ ಹಾಗೆಯೇ. ಆದರೆ ಇವೆರಡಕ್ಕೂ ಬಳಸುವ ನೀರು ಶುದ್ಧವಾಗಿರಬೇಕು. ಸಾಮಾನು ಕೆಡದಂತೆ ಇಡುವುದಕ್ಕಾಗಿ ಮಾಡಿದ ಮಂಜುಗಡ್ಡೆಯನ್ನು ಕುಡಿಯುವ ಪಾತ್ರೆಗೆ ಹಾಕಬಾರದು. ಟ್ಯಾಂಕರಿನ ನೀರು ತರಿಸುವುದಾದರೆ ತಿಳಿಯಾದ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂನಷ್ಟು ಒಳ್ಳೆಯ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ಗಂಟೆ ಬಿಟ್ಟು ಬಳಸಬೇಕು. ಗ್ರಾಮದ ಆರೋಗ್ಯ ಕಾರ್ಯಕರ್ತರನ್ನು ಕೇಳಿದರೆ ಈ ಅಳತೆಯನ್ನು ಎದುರಿಗೇ ಮಾಡಿ ತೋರಿಸುತ್ತಾರೆ.

ವಾಂತಿ ಭೇದಿಯಾದವರಿಗೆ ಓಆರ್‌ಎಸ್ ಪೊಟ್ಟಣ ಶ್ರೇಷ್ಠ. ಅದು ಸಿಗದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು. ಮೈ ಕೆಂಡದಂತೆ ಸುಡುತ್ತ, ಮಾತು ಗೊಂದಲಗೊಂಡರೆ ಅದು ಬಿಸಿಲಾಘಾತ. ನೆರಳಿಗೆ ಸಾಗಿಸಿ, ಮೈಗೆಲ್ಲ ನೀರು ಚಿಮುಕಿಸಿ, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು.

ಮೂತ್ರ

ಈ ವಿಷಯವನ್ನು ಸಭ್ಯತೆಯ ಹೆಸರಿನಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಮದುವೆಯ ಕಾಲದಲ್ಲಿ ಉರಿಮೂತ್ರದ ಬಾಧೆಯಿಂದ ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳನ್ನು ವಿಚಾರಿಸಿದರೆ ಕಥೆ ಒಂದೇ. "ಸೀರೆ ಉಟ್ಟ ಮೇಲೆ ಹೋಗಲಾಗುವುದಿಲ್ಲವೆಂದು ನೀರೇ ಕುಡಿಯಲಿಲ್ಲ" ಎನ್ನುತ್ತಾರೆ. ವಧುವಿಗೆ ಭಾರವಾದ ರೇಷ್ಮೆ ಸೀರೆ, ಒಡವೆ, ದಂಡೆ. ಎದ್ದು ಹೋಗಲು ಸಂಕೋಚ. ಎರಡು ಮೂರು ಗಂಟೆಗೊಮ್ಮೆ ಅವಳನ್ನು ಎಬ್ಬಿಸಿ ಕರೆದೊಯ್ಯಲು ಒಬ್ಬ ಗೆಳತಿಯನ್ನು ಮೊದಲೇ ಗೊತ್ತುಮಾಡಿದರೆ ಸಾಕು.

ಹಿರಿಯರ ಕಷ್ಟ ಬೇರೆ. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಮಂಟಪದಲ್ಲಿ ಶೌಚಾಲಯ ದೂರವಿದೆ, ಮೆಟ್ಟಿಲು ಹತ್ತಲಾಗದು ಎಂದು ಅವರು ಅಂದು ಆ ಮಾತ್ರೆಯನ್ನು ಮೌನವಾಗಿ ಬಿಟ್ಟುಬಿಡುತ್ತಾರೆ. ಮರುದಿನವೋ ಅದರ ಮರುದಿನವೋ ಕಾಲು ಊದಿ, ಏದುಸಿರು ಬಂದಾಗ, ಮದುವೆಯ ಓಡಾಟದ ಆಯಾಸವೆಂದು ಮನೆಯವರು ತಿಳಿಯುತ್ತಾರೆ.

ಮಂಟಪ ಗೊತ್ತುಮಾಡಲು ಹೋದವರು ವೇದಿಕೆಯ ಅಗಲ, ಕುರ್ಚಿಗಳ ಸಂಖ್ಯೆ, ವಾಹನ ನಿಲುಗಡೆ ಎಲ್ಲವನ್ನೂ ನೋಡುತ್ತಾರೆ. ಶೌಚಾಲಯದ ಬಾಗಿಲು ತೆರೆದು ನೋಡುವವರು ವಿರಳ. ಚಿಲಕ ಬೀಳುತ್ತದೆಯೇ, ದೀಪ ಉರಿಯುತ್ತದೆಯೇ, ನೀರು, ಬಕೆಟ್ಟು, ಸಾಬೂನು ಇವೆಯೇ, ಮಂಡಿನೋವಿನವರು ಕೂರುವಂಥ ಎತ್ತರದ ಕಮೋಡು ಒಂದಾದರೂ ಇದೆಯೇ – ಇಷ್ಟನ್ನು ಕಣ್ಣಾರೆ ಕಂಡು ಮುಂಗಡ ಕೊಡಬೇಕು. ಹೆಣ್ಣುಮಕ್ಕಳ ಕೋಣೆಯಲ್ಲಿ ಸ್ಯಾನಿಟರಿ ಪ್ಯಾಡುಗಳನ್ನೂ ಮುಚ್ಚಳವಿರುವ ಡಬ್ಬಿಯನ್ನೂ ಇಟ್ಟರೆ ಅದಕ್ಕಿಂತ ದೊಡ್ಡ ಉಪಚಾರವಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಮದುವೆಯ ದಿನ ಮುಟ್ಟು ಬಂದೀತೆಂಬ ಭಯದಿಂದ ಅಂಗಡಿಯಿಂದ ಮಾತ್ರೆ ತಂದು ನುಂಗುವ ರೂಢಿ ಬೆಳೆಯುತ್ತಿದೆ. ಇವು ಹಾರ್ಮೋನಿನ ಮಾತ್ರೆಗಳು. ರಕ್ತ ಹೆಪ್ಪುಗಟ್ಟುವ ತೊಂದರೆ, ಯಕೃತ್ತಿನ ಕಾಯಿಲೆ, ಮೈಗ್ರೇನ್ ಇದ್ದವರಿಗೆ ಅಪಾಯ ತರಬಹುದು. ವೈದ್ಯರು ಪರೀಕ್ಷಿಸಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಅದಕ್ಕೂ ಮಿಗಿಲಾಗಿ, ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಪರಂಪರೆಯಲ್ಲಿ ಹುಟ್ಟಿದ ಮನೆಗಳಲ್ಲಿ ಮಗಳು ಈ ಭಯದಿಂದ ಗುಟ್ಟಾಗಿ ಮಾತ್ರೆ ನುಂಗಬೇಕೇ ಎಂಬುದನ್ನು ತಾಯಂದಿರು ಯೋಚಿಸಬೇಕು. ಮುಟ್ಟು ಬಂದರೆ ಬರಲಿ, ಅಕ್ಕಿಕಾಳು ನಿಲ್ಲುವುದಿಲ್ಲ ಎಂದು ತಾಯಿ ಒಂದು ಮಾತು ಹೇಳಿದರೆ ಮಗಳ ಭಯ ಅಲ್ಲಿಗೇ ಮುಗಿಯುತ್ತದೆ.

ನಿದ್ರೆ

ಆಹಾರ, ನಿದ್ರೆ, ಬ್ರಹ್ಮಚರ್ಯ – ಈ ಮೂರನ್ನು ಚರಕರು ದೇಹದ ಉಪಸ್ತಂಭಗಳೆಂದು ಕರೆದಿದ್ದಾರೆ. ಮದುವೆಯ ವಾರದಲ್ಲಿ ನಿದ್ರೆಯ ಕಂಬ ಮೊದಲು ಅಲುಗುತ್ತದೆ. ಧ್ವನಿವರ್ಧಕಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸಬಾರದೆಂಬ ನಿಯಮ 2000ನೇ ಇಸವಿಯಿಂದಲೂ ಇದೆ. ಅದನ್ನು ಪಾಲಿಸಿದರೆ ನೆರೆಹೊರೆಯ ರೋಗಿಗಳಿಗೂ ನಮ್ಮ ಮನೆಯ ವಧುವರರಿಗೂ ಒಳಿತು.

ಎಲ್ಲಕ್ಕಿಂತ ಮುಖ್ಯವಾಗಿ ನಿದ್ರೆ ಬೇಕಾದವನು ವಾಹನ ಚಾಲಕ. ಹಿಂದಿನ ರಾತ್ರಿ ದಿಬ್ಬಣ ತಂದು, ಹಗಲೆಲ್ಲ ಸಾಮಾನು ಸಾಗಿಸಿ, ಸಂಜೆ ಮತ್ತೆ ಬೀಗರನ್ನು ಊರಿಗೆ ಮುಟ್ಟಿಸಲು ಹೊರಡುವ ಆ ಮನುಷ್ಯ ಮಲಗಿದನೇ, ಉಂಡನೇ ಎಂದು ಕೇಳುವವರಿಲ್ಲ. ಭಾರೀ ಊಟದ ಮೇಲೆ, ನಿದ್ರೆಗೆಟ್ಟ ಕಣ್ಣಿನಲ್ಲಿ, ನಸುಕಿನ ರಸ್ತೆಯಲ್ಲಿ ಚಕ್ರ ಹಿಡಿದವನ ಕೈಯಲ್ಲಿ ಹತ್ತು ಹದಿನೈದು ಜೀವಗಳಿರುತ್ತವೆ. ಮಂಟಪದಲ್ಲಿ ಚಾಲಕರಿಗಾಗಿಯೇ ಒಂದು ಕೋಣೆ, ಚಾಪೆ, ಫ್ಯಾನು ಮೀಸಲಿಡಬೇಕು; ಅವರಿಗೆ ಮೊದಲ ಪಂಕ್ತಿಯಲ್ಲಿ ಮಿತವಾದ ಊಟ ಬಡಿಸಬೇಕು. ರಾತ್ರಿ ಪಯಣವನ್ನು ಬಿಟ್ಟು ಬೆಳಿಗ್ಗೆ ಹೊರಡುವುದು ಉತ್ತಮ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜನರನ್ನು ಕೂರಿಸಿ ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಬೇಕು.

ಅಡುಗೆಮನೆಯ ಕಡೆ ಒಂದು ನೋಟ

ಆಹಾರದ ಗುಣದೋಷಗಳನ್ನು ಅಳೆಯಲು ಚರಕರು ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಎಂಟು ಸಂಗತಿಗಳನ್ನು ಹೇಳಿದ್ದಾರೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ಪದಾರ್ಥದ ಸ್ವಭಾವ, ಸಂಸ್ಕಾರ, ಬೆರಕೆ, ಪ್ರಮಾಣ, ಸ್ಥಳ, ಹೊತ್ತು, ಉಣ್ಣುವ ನಿಯಮ, ಉಣ್ಣುವವನು ಎಂದು ಇವುಗಳ ತಾತ್ಪರ್ಯ. ಮದುವೆಯ ಅಡುಗೆಯಲ್ಲಿ ನಾವು ಪದಾರ್ಥವನ್ನೂ ಪ್ರಮಾಣವನ್ನೂ ಚೆನ್ನಾಗಿ ನೋಡುತ್ತೇವೆ. ಹೊತ್ತನ್ನೂ ಉಣ್ಣುವವನನ್ನೂ ಮರೆಯುತ್ತೇವೆ.

ಹೊತ್ತಿನ ಮಾತು ಹೀಗಿದೆ. ಬೆಂದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿದ್ದರೆ ಅಥವಾ 5 ಡಿಗ್ರಿಗಿಂತ ತಣ್ಣಗಿದ್ದರೆ ಕ್ಷೇಮ. ಇವೆರಡರ ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ. ಹಾಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಟ್ಟದ್ದನ್ನು ಬಡಿಸಬಾರದು. ಚಾಪೆಯ ಮೇಲೆ ಬಟ್ಟೆ ಹಾಸಿ ಸುರಿದ ಅನ್ನದ ರಾಶಿ ನೋಡಲು ಸಮೃದ್ಧಿಯ ಲಕ್ಷಣ. ಆದರೆ ಆ ರಾಶಿಯ ಒಡಲು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಅವು ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ. ಮಧ್ಯಾಹ್ನದ ಅನ್ನವನ್ನು ಸಂಜೆ ಚಿತ್ರಾನ್ನ ಮಾಡಿದಾಗ ಒಗ್ಗರಣೆಯ ಬಿಸಿಗೆ ಆ ವಿಷ ನಾಶವಾಗುವುದಿಲ್ಲ. ಆದಕಾರಣ ಅನ್ನವನ್ನು ಪಂಕ್ತಿಗೆ ತಕ್ಕಂತೆ ಕಂತು ಕಂತಾಗಿ ಬೇಯಿಸುವುದೇ ಉಪಾಯ.

ಖೋವಾ, ಬಾಸುಂದಿ, ಪೇಡೆಯಂಥ ಹಾಲಿನ ಸಿಹಿಗಳು ಬಿಸಿಲಿನಲ್ಲಿ ಬೇಗ ಕೆಡುತ್ತವೆ. ಬೇಸಿಗೆಯ ಮದುವೆಗೆ ಬುಂದಿಲಾಡು, ಮಾದಲಿ, ಬಿಸಿಯಾಗಿ ಬಡಿಸುವ ಗೋಧಿಹುಗ್ಗಿ ಹೆಚ್ಚು ಸುರಕ್ಷಿತ. ಹಾಲಿಗೆ ಹುಳಿಹಣ್ಣು ಸೇರಿಸಿದ ತಿನಿಸುಗಳು ನಮ್ಮ ಶಾಸ್ತ್ರದ ಪ್ರಕಾರ ವಿರುದ್ಧಾಹಾರ. ಅವನ್ನು ಬಿಡುವುದು ಲೇಸು. ಅಡುಗೆಯವರ, ಬಡಿಸುವವರ ಕೈಯಲ್ಲಿ ಗಾಯ, ಕುರು ಇದ್ದರೆ ಅವರಿಗೆ ಬೇರೆ ಕೆಲಸ ಕೊಡಬೇಕು; ಕೀವಿನ ಸೂಕ್ಷ್ಮಜೀವಿ ಬಿಟ್ಟ ವಿಷದಿಂದ ಉಂಡ ಒಂದರಿಂದ ಆರು ಗಂಟೆಯೊಳಗೆ ಪಂಕ್ತಿಗೆ ಪಂಕ್ತಿಯೇ ವಾಂತಿ ಮಾಡಿಕೊಳ್ಳಬಹುದು. ಕುದಿಯುವ ಸಾರಿನ ಹಂಡೆಗಳನ್ನು ನೆಲದ ಮೇಲೆ, ಮಕ್ಕಳು ಓಡಾಡುವ ದಾರಿಯಲ್ಲಿ ಇಡಬಾರದು. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಟೂತ್‌ಪೇಸ್ಟ್, ಅರಿಶಿನ, ಎಣ್ಣೆ ಹಚ್ಚಬಾರದು.

ಉಳಿದ ಅಡುಗೆಯ ಬಗ್ಗೆ ವಿಶೇಷವಾಗಿ ನಿವೇದಿಸಬೇಕಾಗಿದೆ. ಅನ್ನ ಚೆಲ್ಲಬಾರದೆಂಬ ಭಾವನೆ ದೊಡ್ಡದು. ಆದರೆ ಸಂಜೆಯವರೆಗೆ ಇಟ್ಟು, ನಾವೇ ಉಣ್ಣಲು ಹಿಂಜರಿಯುವುದನ್ನು ವಸತಿನಿಲಯದ ಮಕ್ಕಳಿಗೋ ಅನಾಥಾಲಯಕ್ಕೋ ಕಳುಹಿಸಿದರೆ ಅದು ದಾಸೋಹವೆನಿಸದು. ಕಳುಹಿಸುವ ಮನಸ್ಸಿದ್ದರೆ ಮೊದಲ ಪಂಕ್ತಿ ಏಳುವ ಹೊತ್ತಿಗೇ, ಬಿಸಿಯಾಗಿರುವಾಗಲೇ, ಅವರ ಪಾಲನ್ನು ಬೇರೆ ತೆಗೆದು ಕಳುಹಿಸಬೇಕು.

ಚರ್ಮದ ಮಾತು

ಮದುವೆಗೆ ಎರಡು ದಿನವಿರುವಾಗ ಮೊದಲ ಬಾರಿ ಹೊಸ ಲೇಪ, ಹೊಸ ಫೇಶಿಯಲ್ ಮಾಡಿಸಿ ಮುಖ ಊದಿಸಿಕೊಂಡು ಬಂದ ವಧುಗಳನ್ನು ನಾವು ಕಂಡಿದ್ದೇವೆ. ಅಂದು ಹಚ್ಚುವ ಯಾವುದನ್ನೇ ಆಗಲಿ ಎರಡು ಮೂರು ವಾರ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಪರೀಕ್ಷಿಸಬೇಕು. ಕಪ್ಪು ಬಣ್ಣ ಕೊಡುವ ಮೆಹಂದಿಯಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆತಿರುವುದುಂಟು. ಅದರಿಂದ ಬೊಬ್ಬೆಗಳೆದ್ದು ಕಲೆ ಉಳಿಯಬಹುದು. ಮದರಂಗಿ ಎಲೆ ಅರೆದದ್ದು ಕೆಂಪುಕಂದಾಗಿಯೇ ಇರುತ್ತದೆ. ಅರಿಶಿನದ ಕೊಂಬನ್ನು ಮನೆಯಲ್ಲಿಯೇ ಬೀಸಿಕೊಂಡರೆ ಕಲಬೆರಕೆಯ ಭಯವಿಲ್ಲ.

ಮುಹೂರ್ತದ ಹಿಂದಿನ ಸಂಜೆ ಓದಿಕೊಳ್ಳುವ ಚೀಟಿ

1. ಸಕ್ಕರೆ, ರಕ್ತದೊತ್ತಡ, ಹೃದಯ, ಉಬ್ಬಸ, ಮೂರ್ಛೆರೋಗ ಇರುವ ಹಿರಿಯರ ಪಟ್ಟಿ; ಒಬ್ಬೊಬ್ಬರಿಗೂ ಒಬ್ಬ ಮೊಮ್ಮಗನೋ ಮೊಮ್ಮಗಳೋ ಜೊತೆ.
2. ಅವರ ಮಾತ್ರೆಗಳು ಒಂದು ಚೀಲದಲ್ಲಿ. ಚೀಲ ಹಿಡಿದವರ ಹೆಸರು ಎಲ್ಲರಿಗೂ ಗೊತ್ತಿರಬೇಕು.
3. ಮಾತ್ರೆ ನುಂಗುವವರಿಗೂ ಗರ್ಭಿಣಿಯರಿಗೂ ಮಕ್ಕಳಿಗೂ ಮುಹೂರ್ತಕ್ಕೆ ಮೊದಲೇ ಉಪಾಹಾರ.
4. ವಧುವಿಗೊಬ್ಬ ಗೆಳತಿ, ವರನಿಗೊಬ್ಬ ಗೆಳೆಯ – ನೀರು, ತುತ್ತು, ವಿಶ್ರಾಂತಿ ನೆನಪಿಸಲು.
5. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ: ಸಕ್ಕರೆ, ಓಆರ್‌ಎಸ್, ಹತ್ತಿ, ಪಟ್ಟಿ, ಉಷ್ಣಮಾಪಕ, ಸಾಧ್ಯವಾದರೆ ಗ್ಲೂಕೋಮೀಟರ್. ಅದು ವೇದಿಕೆಯ ಪಕ್ಕದಲ್ಲಿರಲಿ, ಬೀಗ ಹಾಕಿದ ಕೋಣೆಯಲ್ಲಿ ಬೇಡ.
6. 108 ವಾಹನ ಬಂದು ನಿಲ್ಲಲು ಬಾಗಿಲ ಮುಂದೆ ಜಾಗ. ಹತ್ತಿರದ ಆಸ್ಪತ್ರೆಯ ದಾರಿ ಬಲ್ಲವನೊಬ್ಬ.
7. ಜನರೇಟರ್ ಮತ್ತು ಗ್ಯಾಸ್ ಸಿಲಿಂಡರುಗಳು ಜನ ಕೂರುವ, ಮಲಗುವ ಸ್ಥಳದಿಂದ ದೂರ, ಬಯಲಿನಲ್ಲಿ.
8. ಚಾಲಕರ ಊಟ, ಚಾಲಕರ ನಿದ್ರೆ.

ಇಷ್ಟಕ್ಕೆಲ್ಲ ಆಗುವ ಖರ್ಚು ವೇದಿಕೆಯ ಹೂವಿನ ಖರ್ಚಿನ ಒಂದು ಚಿಕ್ಕ ಪಾಲೂ ಅಲ್ಲ. ಬೇಕಾದದ್ದು ಹಣವಲ್ಲ, ಹಿಂದಿನ ದಿನ ಅರ್ಧ ಗಂಟೆ ಕೂತು ಯೋಚಿಸುವ ವ್ಯವಧಾನ.

ನಮ್ಮ ಕಿರಿಯ ಮಗನ ಮದುವೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ, ಬೇರೆ ಯಾವ ಕೆಲಸಕ್ಕೂ ಮೊದಲು, ನಾವೇ ಒಂದು ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು ಅಣ್ಣನವರ ಮುಂದೆ ಕೂತೆವು. "ಅಕ್ಕಿಕಾಳು ಬೀಳಲಿ ತಮ್ಮಾ" ಎಂದರು. "ನೀವು ಉಣ್ಣುವವರೆಗೆ ಅಕ್ಕಿಕಾಳು ಬೀಳುವುದಿಲ್ಲ" ಎಂದೆವು. ಅವರು ತಟ್ಟೆ ಖಾಲಿ ಮಾಡಿ, ನೀರು ಕುಡಿದು, ಕೋಲು ಊರಿಕೊಂಡು ಬಾಗಿಲಿಗೆ ಹೋಗಿ, ಈ ಸಲ ಕುರ್ಚಿ ಹಾಕಿಸಿಕೊಂಡು ಕುಳಿತರು. ಸಂಜೆ ಸೊಸೆಯನ್ನು ಮನೆತುಂಬಿಸಿಕೊಳ್ಳುವಾಗ ಅವಳ ತಲೆಯ ಮೇಲೆ ಮೊದಲು ಕೈಯಿಟ್ಟವರು ಅವರೇ.

ಈ ವರ್ಷ ಮಂಗಲಕಾರ್ಯಗಳನ್ನು ಇಟ್ಟುಕೊಂಡಿರುವ ಸಕಲ ಸದ್ಭಕ್ತರ ಮನೆಗಳಲ್ಲಿಯೂ ಹರಸುವ ಕೈಗಳೆಲ್ಲ ಕಡೆಯವರೆಗೆ ಜೊತೆಗಿರಲಿ ಎಂದು ಹಾರೈಸುತ್ತೇವೆ.